ಪುತ್ತೂರಿನ ಮಳೆಗೆ ತಾರಸಿಯ ಬಿಳಿ ಕೋಟಿಂಗ್ ಎಷ್ಟು ತಡೆಯುತ್ತದೆ?

ಪುತ್ತೂರಿನ ನಮ್ಮ ಮನೆಯ ತಾರಸಿಗೆ 2018ರ ಫೆಬ್ರವರಿಯಲ್ಲಿ ಹಚ್ಚಿಸಿದ್ದು. 20 ಲೀಟರಿನ ಬಕೆಟ್ಟಿನಲ್ಲಿ ಬರುತ್ತದಲ್ಲ, ಫೈಬರ್ ಸೇರಿದ ಬಿಳಿ ಅಕ್ರಿಲಿಕ್ ಕೋಟಿಂಗ್, ಅದು. ಕಂಪನಿ ಯಾವುದೆಂದು ಹೇಳುವುದಿಲ್ಲ, ದೊಡ್ಡ ಪೇಂಟ್ ಕಂಪನಿಗಳೆಲ್ಲ ಈ ಜಾತಿಯ ಮಾಲು ಮಾರುತ್ತವೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1000 ಮಿ.ಮೀ. ಮಳೆ. ನಮ್ಮಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಅಲ್ಲಿಯವರ ವಿಮರ್ಶೆ ಓದಿ ಇಲ್ಲಿಗೆ ಬಕೆಟ್ ತರುವವರು ಇದನ್ನು ನೆನಪಿಡಬೇಕು.

ಕೆಲಸ ಕ್ರಮವಾಗಿಯೇ ನಡೆಯಿತು. ಹಾವಸೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೊಳೆದು, ಬಿರುಕುಗಳನ್ನು ‘ವಿ’ ಆಕಾರಕ್ಕೆ ಕೊರೆದು ಪಾಲಿಮರ್ ಗಾರೆ ತುಂಬಿದರು. ಸ್ಲ್ಯಾಬ್ ಒಣಗಿದೆಯೇ ಎಂದು ನೋಡಲು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ರಾತ್ರಿ ಬಿಟ್ಟೆವು. ಬೆಳಿಗ್ಗೆ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಹಚ್ಚಲೇಬಾರದು, ಒಳಗಿನ ತೇವ ಬಿಸಿಲಿಗೆ ಆವಿಯಾಗಿ ಕೋಟಿಂಗನ್ನು ಗುಳ್ಳೆ ಎಬ್ಬಿಸುತ್ತದೆ. ಆಮೇಲೆ ನೀರು ಬೆರೆಸಿದ ತೆಳು ಕೋಟ್, ಅದರ ಮೇಲೆ ಒಂದಕ್ಕೊಂದು ಅಡ್ಡಲಾಗಿ ಎರಡು ದಪ್ಪ ಕೋಟ್, ಮೂಲೆಗಳಲ್ಲಿ ಕೋಟ್‌ಗಳ ನಡುವೆ ಬಲೆ.

ಮೊದಲ ಮಳೆಗಾಲಗಳಲ್ಲಿ ದೂರಲು ಏನೂ ಇರಲಿಲ್ಲ. ಮಲಗುವ ಕೋಣೆಯ ಸೀಲಿಂಗಿನ ಕಲೆ ಒಣಗಿತು. ಏಪ್ರಿಲ್‌ನಲ್ಲಿ ಮೇಲಿನ ಕೋಣೆಯ ಧಗೆ ಇಳಿದದ್ದು ಮಾತ್ರ ನಾನು ಬಯಸದೇ ಸಿಕ್ಕ ಲಾಭ. ನಿಜ ಹೇಳಬೇಕೆಂದರೆ ಈ ಮಾಲಿನ ದೊಡ್ಡ ಗುಣ ಅದೇ, ಅಂಗಡಿಯವನು ಅದನ್ನು ಕೊನೆಗೆ ಹೇಳಿದ.

ಆಮೇಲೆ ಕೋಟಿಂಗ್ ಎದ್ದದ್ದು ಒಂದೇ ಕಡೆ. ನೀರು ಹೋಗುವ ಪೈಪಿನ ಹತ್ತಿರ ಸ್ಲ್ಯಾಬ್ ಸ್ವಲ್ಪ ತಗ್ಗಾಗಿ, ಪೈಪಿನ ಬಾಯಿ ಎತ್ತರದಲ್ಲಿ ಉಳಿದಿದೆ. ಅಲ್ಲಿ ಇಡೀ ಆಟಿ ತಿಂಗಳು (ಜುಲೈ-ಆಗಸ್ಟ್) ನೀರು ನಿಂತೇ ಇರುತ್ತದೆ. ಅಕ್ರಿಲಿಕ್ ಬಿಸಿಲಿಗೆ ಗಟ್ಟಿ, ಹರಿಯುವ ನೀರಿಗೂ ಗಟ್ಟಿ. ನಿಂತ ನೀರಿನಲ್ಲಿ ದಿನಗಟ್ಟಲೆ ನೆನೆದರೆ ಮೆತ್ತಗಾಗಿ ಹಿಡಿತ ಬಿಡುತ್ತದೆ. ಪದರ ಚರ್ಮದ ಹಾಗೆ ಸುಲಿದು ಬಂತು. ಉಳಿದ ತಾರಸಿ ಇವತ್ತಿಗೂ ಸರಿ ಇದೆ, ಬಣ್ಣ ಮಾಸಿದೆ, ಕೈ ಒರೆಸಿದರೆ ಬಿಳಿ ಪುಡಿ ಹತ್ತುತ್ತದೆ, ಅಷ್ಟೆ.

ರಿಪೇರಿಗೆ ಬಂದ ಮೇಸ್ತ್ರಿ ನೇರವಾಗಿ ಬಕೆಟ್ಟಿಗೇ ಕೈ ಹಾಕಲಿಲ್ಲ. ಆ ಭಾಗ ಕೆರೆದು, ಪೈಪನ್ನು ತಗ್ಗಿಸಿ, ಅದರತ್ತ ನೂರಕ್ಕೆ ಒಂದರಂತೆ ಇಳಿಜಾರು ಬರುವ ಹಾಗೆ ಗಾರೆ ಹಾಕಿದರು. ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಸೇರುವ ಮೂಲೆಯನ್ನು ದುಂಡಗೆ ಮಾಡಿದರು. ಪುಡಿ ಮತ್ತು ದ್ರವ ಬೆರೆಸಿ ಹಚ್ಚುವ ಸಿಮೆಂಟ್-ಪಾಲಿಮರ್ ಕೋಟಿಂಗ್ ಅಡಿಗೆ, ಅಕ್ರಿಲಿಕ್ ಮೇಲಕ್ಕೆ. ಎರಡು ದಿನ ನೀರು ಕಟ್ಟಿ ನಿಲ್ಲಿಸಿ ಪರೀಕ್ಷಿಸಿದ ಮೇಲೆಯೇ ಹಣ ಪಡೆದರು. ಆಮೇಲೆ ಅಲ್ಲಿ ತೊಟ್ಟಿಕ್ಕಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲು ಇಳಿಜಾರು, ಆಮೇಲೆ ಮೂಲೆ, ಕೋಟಿಂಗ್ ಮೂರನೆಯದು.

ಅಡಿಕೆ ಒಣಗಿಸುವವರಿಗೆ ಒಂದು ವಿಷಯ. ಹಣ್ಣಡಿಕೆಯನ್ನು ಇಡಿಯಾಗಿ ಬಿಸಿಲಿಗೆ ಒಣಗಿಸುವ ಚಾಲಿಗೆ ಒಂದೂವರೆ ತಿಂಗಳು ತಾರಸಿ ತುಂಬಾ ಅಡಿಕೆ ಇರುತ್ತದೆ, ಕಬ್ಬಿಣದ ಗೋರೆಯಲ್ಲಿ ಮಗುಚಿದರೆ ಕೋಟಿಂಗ್ ಗೀರು ಬೀಳುತ್ತದೆ. ಮರದ ಗೋರೆ ಸಾಕು.

ಬೇರೆ ವಿಧಾನಗಳ ಬಗ್ಗೆಯೂ ಕೇಳುತ್ತಾರೆ. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಅಂಟಿಸುವ ಡಾಂಬರಿನ ಎಪಿಪಿ ಶೀಟ್ ನಿಂತ ನೀರನ್ನು ಇದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಬಿಸಿಲು ಹೀರುತ್ತದೆ, ಹಾಗೇ ಬಿಟ್ಟು ಮೇಲೆ ಓಡಾಡುವಂತಿಲ್ಲ, ಜೋಡಣೆಯೊಂದು ಬಿಟ್ಟುಕೊಂಡರೆ ನೀರು ಒಳಗೊಳಗೇ ಹರಿದು ಇನ್ನೆಲ್ಲೋ ಇಳಿಯುತ್ತದೆ. ಬೆಂಗಳೂರಿನ ಭಾವನ ಮನೆಯಲ್ಲಿ ಇಟ್ಟಿಗೆ ಚೂರಿನ ಹಳೆಯ ಪದರ ಇದೆ, ಚೆನ್ನಾಗಿಯೇ ಇದೆ. ಅದರ ಭಾರ ಹಳೆಯ ಸ್ಲ್ಯಾಬಿಗೆ ಹೊರೆ. ಅಡಿಗೆ ನೀರು ಹೊಕ್ಕರೆ ಸ್ಪಂಜಿನಂತೆ ಹಿಡಿದಿಟ್ಟುಕೊಳ್ಳುತ್ತದೆ.

ನಮ್ಮ ಊರಿನಲ್ಲಿ ಈಗ ಎಲ್ಲರೂ ಕಬ್ಬಿಣದ ಕಂಬ ನಿಲ್ಲಿಸಿ ಬಣ್ಣದ ಶೀಟ್ ಹೊದಿಸುತ್ತಿದ್ದಾರೆ. ಖರ್ಚು ಬಹಳ ಹೆಚ್ಚು, ನೋಡಲು ಚಂದವಿಲ್ಲ, ಅಡಿಕೆಗೆ ಬಿಸಿಲೂ ತಪ್ಪುತ್ತದೆ. ಆದರೂ ಇಳಿಜಾರು ಸರಿಪಡಿಸಲಾಗದ ತಾರಸಿಗೆ ನಾನು ಅದನ್ನೇ ಹೇಳುತ್ತೇನೆ. ಕಂಬದ ಪ್ಲೇಟಿಗಾಗಿ ಸ್ಲ್ಯಾಬ್ ಕೊರೆಯುವವರಿದ್ದರೆ ಬೋಲ್ಟಿನ ಸುತ್ತ ಸೀಲ್ ಮಾಡಿಸಿಕೊಳ್ಳಿ, ಶೀಟಿನ ಅಂಚಿನಿಂದ ಎರಚಲು ಹೊಡೆದಾಗ ನೀರು ಮೊದಲು ಇಳಿಯುವುದು ಆ ತೂತುಗಳಲ್ಲೇ.