ಹಳೇ ಪಿಟೀಲಿನ ವ್ಯಾಲ್ಯುಯೇಶನ್ ಕಾಗದವನ್ನ ಅಸಲಿ ಸರ್ಟಿಫಿಕೇಟ್ ಅಂದ್ಕೊಂಡು ಮೋಸ ಹೋಗ್ಬೇಡಿ

ಮೊದಲೇ ಹೇಳಿಬಿಡ್ತೀನಿ. ಬೆಲೆ ಬರೆದುಕೊಡೋ ಕಾಗದ ಬೇರೆ, ‘ಇದು ಇಂಥವರೇ ಮಾಡಿದ್ದು’ ಅನ್ನೋ ಸರ್ಟಿಫಿಕೇಟ್ ಬೇರೆ. ಎರಡೂ ಒಂದೇ ಅಂದ್ಕೊಂಡು ನನ್ನ ಹಳೇ ಪಿಟೀಲಿಗೆ ನಾಲ್ಕು ವರ್ಷ ಇನ್ಶೂರೆನ್ಸ್ ಪ್ರೀಮಿಯಂ ಕಟ್ಟಿದ್ದಾಯ್ತು. ಮಾರೋಣ ಅಂತ ಹೋದ್ರೆ, ಆ ಕಾಗದ ಬರೆದುಕೊಟ್ಟವನೇ ಅದನ್ನ ಕೈಯಲ್ಲಿ ಹಿಡ್ಕೊಂಡು, “ಇದು ಇನ್ಶೂರೆನ್ಸ್‌ಗೆ ಸರ್. ಇಷ್ಟಕ್ಕೆ ಮಾರಾಟ ಆಗುತ್ತೆ ಅಂತ ನಾನೆಲ್ಲಿ ಬರ್ದಿದೀನಿ?” ಅಂದ. ಆಮೇಲೆ ತಾನೇ ಬರೆದ ಬೆಲೆಯ ಕಾಲುಭಾಗಕ್ಕೆ ತಾನೇ ತಗೋತೀನಿ ಅಂದ! ಅವನದೇ ಸಹಿ, ಅವನದೇ ಸೀಲು.

ಬರೆದಿರಲಿಲ್ಲ, ನಿಜ. ಬರೆದಿದ್ದು ‘ಸ್ಟ್ರಾಡಿವಾರಿಯಸ್ ಲೇಬಲ್ ಇರುವ ವಯಲಿನ್, ರೀಪ್ಲೇಸ್‌ಮೆಂಟ್ ಮೌಲ್ಯ ಇಷ್ಟು’ ಅಂತ. ಸ್ಟ್ರಾಡಿವಾರಿಯಸ್ ಅಂದ್ರೆ ಇಟಲಿಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವಾರಿ ಮಾಡಿದ್ದು. ‘ಲೇಬಲ್ ಇರುವ’ ಅಂದ್ರೆ ಒಳಗೊಂದು ಚೀಟಿ ಅಂಟಿದೆ ಅಂತ, ಅಷ್ಟೇ. ಮಾಡಿದವರು ಯಾರು ಅಂತ ಅಲ್ಲ. ಇಂಥ ಕಾಗದಗಳಲ್ಲಿ ಬರೋ ಮಾತುಗಳನ್ನ ನೋಡಿ: ‘ನಮ್ಮ ಅಭಿಪ್ರಾಯದಲ್ಲಿ ಇಂಥವರದು’, ‘ಇಂಥವರದು ಇರಬಹುದು’, ‘ಇಂಥವರ ಶೈಲಿಯದು’, ‘ಇಂಥವರ ಲೇಬಲ್ ಇರುವುದು’. ಒಂದೊಂದು ಮಾತಿಗೂ ಬೆಲೆ ಒಂದೊಂದು ಮಹಡಿ ಇಳಿಯುತ್ತೆ. ರೀಪ್ಲೇಸ್‌ಮೆಂಟ್ ಮೌಲ್ಯ ಅಂದ್ರೂ ಅಂಗಡಿಯಲ್ಲಿ ಅಂಥದ್ದೇ ಇನ್ನೊಂದು ಕೊಳ್ಳೋಕೆ ಬೇಕಾದ ಹಣ, ನಿಮ್ಮ ಕೈಗೆ ಬರೋ ಹಣ ಅಲ್ಲವೇ ಅಲ್ಲ.

ಆ ಚೀಟಿಯ ಕಥೆ ಕೇಳಿ. ಸ್ಟ್ರಾಡಿವಾರಿ ತೀರಿಕೊಂಡಿದ್ದು 1737ರಲ್ಲಿ. ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಮಾರ್ಕ್‌ನಾಯ್‌ಕಿರ್ಷೆನ್, ಫ್ರಾನ್ಸಿನ ಮಿರೆಕೂರ್ ಊರುಗಳ ಕಡೆಯಿಂದ 19ನೇ ಶತಮಾನದಲ್ಲಿ ಸಾವಿರಗಟ್ಟಲೆ ಪಿಟೀಲು ಅವನ ಹೆಸರಿನ ಚೀಟಿ ಅಂಟಿಸಿಕೊಂಡೇ ಹೊರಟವು. ಕೆಳಗೆ ಜರ್ಮನಿ ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿದ್ರೆ ಮುಗೀತು: 1891ರಿಂದ ಅಮೆರಿಕಕ್ಕೆ ಹೋಗೋ ಸರಕಿನ ಮೇಲೆ ದೇಶದ ಹೆಸರು ಹಾಕಲೇಬೇಕಿತ್ತು, ಹಾಗಾಗಿ ಅದು ಸಾಮಾನ್ಯವಾಗಿ ಆಮೇಲಿನದು. ಇದು ಈ ವ್ಯವಹಾರದಲ್ಲಿ ಇರೋ ಎಲ್ಲರಿಗೂ ಗೊತ್ತು. ಅವನಿಗೂ ಗೊತ್ತಿತ್ತು!

ಪರೀಕ್ಷೆ ಅಂತ ಅವನು ಮಾಡಿದ್ದು ನಾಲ್ಕು ಫೋಟೋ, ಎರಡು ತಂತಿ ಮೀಟಿದ್ದು. ಒಳಗೆ ನೋಡಲ್ವಾ ಅಂದ್ರೆ, “ನಾದ ಕೇಳಿದ್ರೆ ಸಾಕು ಸರ್, ಗೊತ್ತಾಗುತ್ತೆ.” ನಾದದಿಂದ ಮಾಡಿದವರ ಹೆಸರು ಗೊತ್ತಾಗಲ್ಲ ರೀ. ಹಲ್ಲಿನ ಡಾಕ್ಟರ ಕನ್ನಡಿ, ಪುಟ್ಟ ಬಲ್ಬು, ಎರಡನ್ನೂ ಎಫ್ ಆಕಾರದ ಕಿಂಡಿಯಿಂದ ಇಳಿಸಬೇಕು. ಇಳಿಸಿದ ಮೇಲೆ ಕಂಡಿದ್ದು: ನಾಲ್ಕು ಮೂಲೆಯಲ್ಲೂ ಬ್ಲಾಕ್, ಅಂದ್ರೆ ಒಳಗಿನ ಆಸರೆಯ ಮರದ ತುಂಡು, ಇಲ್ಲ, ಪಕ್ಕದ ಪಟ್ಟಿಗಳ ತುದಿ ಬರೀ ಒಂದಕ್ಕೊಂದು ಅಂಟಿವೆ. ಬೇಸ್ ಬಾರ್, ಅಂದ್ರೆ ಮೇಲ್ಹಲಗೆಯ ಒಳಬದಿಯ ಉದ್ದನೆಯ ಪಟ್ಟಿ, ಬೇರೆ ತುಂಡು ಕೂರಿಸಿದ್ದಲ್ಲ, ಮೇಲ್ಹಲಗೆಯ ಮರದಲ್ಲೇ ಕೆತ್ತಿ ಉಳಿಸಿದ್ದು, ಎರಡಕ್ಕೂ ಒಂದೇ ಎಳೆ. ಬೆನ್ನಿನ ಅಂಚಿನ ಪರ್ಫ್ಲಿಂಗ್, ಅಂದ್ರೆ ಆ ಕಪ್ಪು ಗೆರೆ, ಸವೆದ ಜಾಗದಲ್ಲಿ ಮರದ ಜೊತೆಗೇ ಅಳಿಸಿ ಹೋಗಿದೆ. ಒಳಗೆ ಕೂರಿಸಿದ ಪಟ್ಟಿ ಸವೆದ್ರೂ ಕಾಣುತ್ತೆ, ಇದು ಶಾಯಿ. ಅಗ್ಗದ ಸ್ಯಾಕ್ಸನ್ ಪಿಟೀಲಿನ ಲಕ್ಷಣ ಒಂದೂ ಬಿಡದೆ ಇದೆ, ಅವನು ಕನ್ನಡಿ ಇಳಿಸಿದ್ದಿದ್ರೆ ಐದು ನಿಮಿಷದ ಕೆಲಸ.

ಬಲವಂತ ಮಾಡಿದಾಗ, “ಡೆಂಡ್ರೊ ಮಾಡಿಸಿದ್ದೀವಲ್ಲ, ಮರ ಹಳೇದೇ” ಅಂದ. ಡೆಂಡ್ರೊ ಅಂದ್ರೆ ಮರದ ಉಂಗುರದ ಪರೀಕ್ಷೆ. ಉಂಗುರಗಳನ್ನ ಹೋಲಿಸಿ ನೋಡಿದ್ರೆ ಸ್ಪ್ರೂಸ್ ಮರದ ಮೇಲ್ಹಲಗೆಯಲ್ಲಿ ಕಾಣೋ ಕೊನೇ ಉಂಗುರದ ವರ್ಷ ಸಿಗುತ್ತೆ. ಅದಕ್ಕಿಂತ ಮುಂಚೆ ಪಿಟೀಲು ಆಗಿರೋಕೆ ಸಾಧ್ಯವಿಲ್ಲ ಅಂತ ಮಾತ್ರ ಅದರರ್ಥ. ಹಳೇ ಮರದಲ್ಲಿ ನಿನ್ನೆಯೂ ಪಿಟೀಲು ಮಾಡಬಹುದು. ವರದಿ ತೋರಿಸಿ ಅಂದ್ರೆ ಉತ್ತರವೇ ಇಲ್ಲ.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಬೆನ್ನಿನ ಬಿರುಕು. ಸೌಂಡ್‌ಪೋಸ್ಟ್, ಅಂದ್ರೆ ಮೇಲ್ಹಲಗೆಗೂ ಬೆನ್ನಿಗೂ ನಡುವೆ ನಿಲ್ಲಿಸೋ ಪುಟ್ಟ ಕಡ್ಡಿ, ಒತ್ತೋ ಜಾಗದಲ್ಲೇ, ಒಳಗಿಂದ ತೇಪೆ ಹಾಕಿ ಮುಚ್ಚಿದ್ದು. ಮೇಲ್ಹಲಗೆಯ ಬಿರುಕನ್ನ ಕೊಳ್ಳುವವರು ಎಷ್ಟೋ ಸಲ ಸಹಿಸ್ತಾರೆ, ಇದನ್ನ ಸಹಿಸಲ್ಲ. ಬೆಲೆ ಬಿದ್ದೇ ಹೋಗುತ್ತೆ. ಕಾಗದದಲ್ಲಿ ‘ಸುಸ್ಥಿತಿಯಲ್ಲಿದೆ’!

ಯಾಕೆ ಹೀಗೆ ಅಂದ್ರೆ ಅವನ ಫೀ ಬರೆದ ಬೆಲೆಯ ಪರ್ಸೆಂಟೇಜ್. ಬೆಲೆ ಏರಿಸಿದಷ್ಟೂ ಅವನಿಗೆ ಲಾಭ. ಗಂಟೆಗಿಷ್ಟು ಅಥವಾ ಕೆಲಸಕ್ಕಿಷ್ಟು ಅಂತ ತಗೊಳ್ಳುವವರ ಹತ್ರ ಮಾತ್ರ ಹೋಗಿ. ಬೆಲೆ ಕಟ್ಟುವವನೇ ಕೊಳ್ತೀನಿ ಅಂದ್ರೆ ಅಲ್ಲಿಂದಲೇ ಎದ್ದು ಬನ್ನಿ. ಕಾಗದದಲ್ಲಿ ಯಾವ ಉದ್ದೇಶಕ್ಕೆ ಕಟ್ಟಿದ ಬೆಲೆ, ಯಾವ ತಾರೀಖು, ಬೆನ್ನಿನ ಉದ್ದ ಎಷ್ಟು ಮಿಲಿಮೀಟರ್, ಎಲ್ಲೆಲ್ಲಿ ರಿಪೇರಿ ಆಗಿದೆ, ಎಲ್ಲಾ ಇರಲಿ. ಮುಂದೆ, ಹಿಂದೆ, ತಲೆಯ ಸುರುಳಿಯ ಎರಡೂ ಪಕ್ಕದ ಫೋಟೋ ಅದಕ್ಕೇ ಅಂಟಿರಲಿ, ಇಲ್ಲದಿದ್ರೆ ಆ ಕಾಗದ ಯಾವ ಪಿಟೀಲಿಗೆ ಬೇಕಾದ್ರೂ ಸೇರುತ್ತೆ. ಪಿಟೀಲು ನುಡಿಸೋ ಕಮಾನಿಗೆ ಬೇರೆ ಕಾಗದ. ಅದರ ತುದಿಯಲ್ಲಿ ಆನೆದಂತ ಇದ್ರೆ ದೇಶದ ಗಡಿ ದಾಟಿಸೋಕೆ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರ್ಮಿಟ್ಟಿನ ತಲೆನೋವು ಬೇರೆ. ಪಾಲಿಸಿಯಲ್ಲಿ ‘ಒಪ್ಪಿದ ಮೌಲ್ಯ’ (ಮೊದಲೇ ಇಬ್ಬರೂ ಒಪ್ಪಿ ನಿಗದಿ ಮಾಡಿದ ಮೊತ್ತ) ಅಂತ ಇಲ್ಲದೆ ಬರೀ ‘ಮಾರುಕಟ್ಟೆ ಮೌಲ್ಯ’ ಅಂತಿದ್ರೆ, ಏರಿಸಿ ಬರೆಸಿದ ಬೆಲೆಗೆ ಪ್ರೀಮಿಯಂ ಕಟ್ಟಿದ್ದಷ್ಟೇ ಬಂತು, ಕಳೆದುಹೋದಾಗ ಅವರು ಕೊಡೋದು ನಿಜವಾದ ಬೆಲೆ.

ಫೀ ವಾಪಸ್ ಕೇಳಿದ್ದಕ್ಕೆ ಬಂದ ಕೊನೇ ಉತ್ತರ ಇದು: “ಆ ಕಾಗದ ಹಳೇದಾಯ್ತು ಸರ್, ಹೊಸದಾಗಿ ವ್ಯಾಲ್ಯುಯೇಶನ್ ಮಾಡ್ಕೊಡ್ತೀನಿ. ಅದೇ ಪರ್ಸೆಂಟೇಜ್.”