ಸೋಯಾಬೀನ್ ಹಿಂಡಾಕ 6 ಬೋಲ್ಟಿನ ಎಕ್ಸ್‌ಪೆಲ್ಲರ್: ಒಂದು ಸುಗ್ಗಿ ನಡಿಸಿದ ಮ್ಯಾಲೆ

ನಮ್ಮೂರು ಕಲಘಟಗಿ ಕಡೆ, ಮುಂಗಾರಿಗೆ ಸೋಯಾಬೀನು ಗೊಂಜಾಳನ ಜಾಸ್ತಿ. ಪ್ರತಿ ವರ್ಷ ಅಮರಗೋಳ ಎಪಿಎಂಸಿಗೆ ಚೀಲ ಹೇರೂದಕ್ಕಿಂತ ಊರಾಗ ಎಣ್ಣಿ ತಗದು ಮಾರೋಣು ಅಂತ ನಾನು ನಮ್ಮಣ್ಣ ಕೂಡಿ ಹುಬ್ಬಳ್ಳ್ಯಾಗ ಈ ಎಕ್ಸ್‌ಪೆಲ್ಲರ್, ಅಂದ್ರ ಕಾಳು ಒತ್ತಿ ಎಣ್ಣಿ ತಗಿಯೂ ಮಶೀನ್ ತಗೊಂಡ್ವಿ (6 ಬೋಲ್ಟ್ ಅನ್ನೂದು ಅದರ ಸೈಜು), 10 ಎಚ್‌ಪಿ ಮೋಟರ್ ಸೇರಿ ಎರಡು ಲಕ್ಷದ ಮ್ಯಾಲೆ ಹೋತು. ಅಂಗಡಿ ಹೆಸರು ಬರಿಯಂಗಿಲ್ಲ. ಶೇಂಗಾ, ಕುಸಬಿ, ಸೋಯಾ ಎಲ್ಲಾದಕ್ಕೂ ನಡೀತೈತ್ರಿ ಅಂದಿದ್ರು.

ಶೇಂಗಾಕ್ಕ ಖರೇನ ಛಲೋ ಐತಿ, ಕ್ವಿಂಟಲ್ ಕಾಳಿಗೆ 40 ಕಿಲೋ ಎಣ್ಣಿ ಆರಾಮ ಬರ್ತೈತಿ. ಸೋಯಾದ್ದು ಹಂಗಲ್ಲ, ಕಾಳಿನಾಗ ಇರೋದ ಶೇಕಡಾ 18-20 ಎಣ್ಣಿ, ಅದರಾಗ ನಮಗ ಕ್ವಿಂಟಲ್‌ಗೆ ಸಿಕ್ಕಿದ್ದು 11 ಕಿಲೋ, ಉಳಿದಿದ್ದೆಲ್ಲಾ ಹಿಂಡ್ಯಾಗ ಕುಂತು ಬಿಡ್ತೈತಿ. ದೊಡ್ಡ ಫ್ಯಾಕ್ಟರ್ಯಾಗ ಕಾಳು ಒಡದು, ಕಾಸಿ, ಅವಲಕ್ಕಿ ಹಂಗ ಚಪ್ಪಟಿ ಮಾಡಿ ಹೆಕ್ಸೇನ್ ಅನ್ನೋ ಎಣ್ಣಿ ಕರಗಿಸೂ ದ್ರಾವಣ ಹಾಕಿ ಎಣ್ಣಿ ತಗೀತಾರ, ಅವರ ಹಿಂಡ್ಯಾಗ ಶೇಕಡಾ ಒಂದೂ ಉಳಿಯೂದಿಲ್ಲ. ಇದನ್ನ ಮಾರೂ ಮುಂದ ಅಂಗಡಿಯವರು ಹೇಳಬೇಕಿತ್ತು.

ಮೊದಲನೇ ದಿನ ಕಾಳು ಹಸೀದ ಹಾಕಿದ್ವಿ. ಹಿಂಡಿ ಹೊರಗ ಬರೂ ಬಾಯಿ ಬಿಗಿ-ಸಡಲ ಮಾಡೂ ಕೋನ್ ಸಡಲ ಇಟ್ರ ಹಿಂಡಿ ದಪ್ಪ ದಪ್ಪ ಬರ್ತಿತ್ತು, ಹಿಚುಕಿದ್ರ ಬಟ್ಟಿಗೆಲ್ಲಾ ಎಣ್ಣಿ, ಬಿಗಿ ಮಾಡಿದ್ರ ಜಾಮ್ ಆಗಿ ಬೆಲ್ಟ್ ಸುಟ್ಟ ವಾಸನಿ. ಆಮ್ಯಾಲೆ ಕೃಷಿ ವಿಶ್ವವಿದ್ಯಾಲಯದಾಗ ಓದಿದ ನಮ್ಮ ಮಾವನ ಮಗ ಬಂದು ಕಾಳು ಛಂದಂಗ ಒಣಗಿಸಿ, ಒಡದು, ಬಿಸಿ ಮಾಡಿ ಹಾಕ್ರಿ ಅಂದ. ಹಂಗ ಮಾಡಿದ ಮ್ಯಾಲೆ ಹಿಂಡಿ ಒಡದ ಹಪ್ಪಳದ ಚೂರಿನಂಗ ತೆಳ್ಳಗ ಬಿತ್ತು, ಪುಟಾಣಿ ವಾಸನಿ ಬಂತು. ಬಿಸಿ ಮಾಡೂದು ಎಣ್ಣಿಗಷ್ಟ ಅಲ್ಲ, ಹಸೀ ಸೋಯಾದಾಗ ಪ್ರೋಟೀನ್ ಜೀರ್ಣ ಆಗಗೊಡದ ಅಂಶ ಇರ್ತೈತಿ, ಅದು ಹೋಗಲಿಲ್ಲಂದ್ರ ಹಿಂಡಿ ಕೋಳಿಗೆ ಹಾಕಾಕ ಬರೂದಿಲ್ಲ.

ಎಣ್ಣಿ ಸೋಸಿ ಸೀದಾ ಬಾಣಲಿಗೆ ಹಾಕಿ ಅವ್ವ ಮಿರ್ಚಿ ಕರಿಯಾಕ ಕುಂತ್ಳು, ಬುರುಗು ಎದ್ದು ಒಲಿ ಮ್ಯಾಲೆ ಉಕ್ಕಿತು, ಎಣ್ಣಿ ಕರ್ರಗ ಆತು. ಅದು ಸೋಯಾ ಎಣ್ಣಿಯೊಳಗಿನ ಅಂಟಿಂದ. ಈಗ ಎಣ್ಣಿ ಕಾಸಿ ನೂರಕ್ಕ ಎರಡು-ಮೂರು ಪಾಲು ಬಿಸಿನೀರು ಹಾಕಿ ಅರ್ಧ ತಾಸು ತಿರುವಿ ಬಿಡ್ತೀವಿ, ತಳದಾಗ ಗಂಜಿ ಹಂಗ ಕೂಡ್ತೈತಿ, ಮ್ಯಾಲಿಂದು ತಗೀತೀವಿ. ಅದಕ್ಕ ಬೇಕಾದ ಟ್ಯಾಂಕ್ ಮಶೀನ್ ಜೋಡಿ ಬರೂದಿಲ್ಲ, ರೊಕ್ಕ ಬ್ಯಾರೆ. ಅಷ್ಟು ಮಾಡಿದ್ರೂ ಹಸೀ ಕಾಳಿನ ವಾಸನಿ ಪೂರ್ತಿ ಹೋಗಂಗಿಲ್ಲ, ಅದಕ್ಕ ರಿಫೈನರಿನ ಬೇಕು.

ನನಗ ಹೊಟ್ಟಿ ಉರಿಯೂದು ಏನಂದ್ರ, ನಮ್ಮ ದೇಶಕ್ಕ ಬೇಕಾದ ಅಡಗಿ ಎಣ್ಣಿ ಅರ್ಧಕ್ಕಿಂತ ಜಾಸ್ತಿ ಹೊರಗಿಂದ ಬರ್ತೈತಿ, ಸೋಯಾ ಎಣ್ಣಿ ಅರ್ಜೆಂಟೀನಾ, ಬ್ರೆಜಿಲ್‌ನಿಂದ ಹಡಗ ಏರಿ ಬರ್ತೈತಿ, ಇಲ್ಲಿ ಧಾರವಾಡದಾಗ ತುಕ್ಕು ರೋಗ ತಡಕೊಳ್ಳೋ ಡಿಎಸ್‌ಬಿ 21 ಅನ್ನೋ ಸೋಯಾ ತಳಿ ತಗದಾರ, ಮಧ್ಯಪ್ರದೇಶ, ಮಹಾರಾಷ್ಟ್ರದಷ್ಟಲ್ಲದಿದ್ರೂ ನಾವೂ ಬೆಳೀತೀವಿ, ಆದ್ರ ಊರಾಗ ಅದನ್ನ ಹಿಂಡಾಕ ತಕ್ಕ ಮಶೀನ್ ಸಿಗವಲ್ದು. 2025-26ಕ್ಕ ಬೆಂಬಲ ಬೆಲಿ ಕ್ವಿಂಟಲ್‌ಗೆ 5328 ರೂಪಾಯಿ. ಆ ಕಾಳಿಗೆ 11 ಕಿಲೋ ಎಣ್ಣಿ ಮಾರಿದ್ರ ರೊಕ್ಕ ಹುಟ್ಟೂದಿಲ್ಲ, ಹಿಂಡಿಗೆ ಗಿರಾಕಿ ಮೊದಲು ಹಿಡದೀರಂದ್ರಷ್ಟ ತಗೋರಿ. ನಮ್ಮ ಹಿಂಡಿ ಕೋಳಿ ಫಾರ್ಮಿನವರು ಒಯ್ತಾರ, ಅದರಿಂದನ ಉಳದೀವಿ.

ಕಾಳು ಒತ್ತೂ ಒಳಗಿನ ತಿರುಪು (ವರ್ಮ್) ಎರಡು ತಿಂಗಳಿಗೇ ಸವದಾವ, ಸ್ಪೇರ್ ಕೇಳಿದ್ರ ವಾರ ತಡಾ. ಶೇಂಗಾಕ್ಕ ಐದಕ್ಕ ನಾಕು ಸ್ಟಾರ್, ಸೋಯಾಕ್ಕ ಎರಡ.