ಉಪ್ಪುಗಾಳಿಯ ಅಡುಗೆಮನೆಯಲ್ಲಿ ನಾಲ್ಕು ಬರ್ನರ್‌ನ ಗ್ಯಾಸ್ ರೇಂಜ್: ದೀರ್ಘ ಬಳಕೆಯ ವಿಮರ್ಶೆ

ಮೇಲೆ ನಾಲ್ಕು ಬರ್ನರ್, ಕೆಳಗೆ ಗ್ಯಾಸ್ ಓವನ್ ಇರುವ, ನೆಲದ ಮೇಲೆ ನಿಲ್ಲಿಸುವ ಕುಕಿಂಗ್ ರೇಂಜ್ ಒಂದನ್ನು ಸುರತ್ಕಲ್‌ನ ನಮ್ಮ ಮನೆಯಲ್ಲಿ ಸುಮಾರು ಎಂಟು ವರ್ಷಗಳಿಂದ ಬಳಸುತ್ತಿದ್ದೇವೆ. ಮನೆಯಿಂದ ಸಮುದ್ರ ನಡೆದು ಹೋಗುವಷ್ಟು ಹತ್ತಿರ. ಈ ವಿಮರ್ಶೆಯ ಬಹುಭಾಗವನ್ನು ನಿರ್ಧರಿಸುವುದು ಈ ಒಂದು ಸಂಗತಿಯೇ. ಅಂಗಡಿಯವರು ಎತ್ತಿ ತೋರಿಸುವ ಗುಣಗಳಿಗೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಬೆವರುವ ಅಡುಗೆಮನೆಯಲ್ಲಿ ರೇಂಜ್ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೂ ಇರುವ ಸಂಬಂಧ ಬಹಳ ಕಡಿಮೆ. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಬಗೆಯ ಬರ್ನರ್, ಕಾಕ್ (ನಾಬ್‌ನ ಹಿಂದಿನ ಗ್ಯಾಸ್ ವಾಲ್ವ್) ಮತ್ತು ಥರ್ಮೋಸ್ಟಾಟ್‌ಗಳು (ಓವನ್‌ನ ಕಾವನ್ನು ಹತೋಟಿಯಲ್ಲಿಡುವ ಭಾಗ) ಹಲವು ಹೆಸರುಗಳ ರೇಂಜ್‌ಗಳಲ್ಲಿ ಇರುವುದರಿಂದ ಹೆಸರಿಗಿಂತ ಭಾಗಗಳ ಬಗ್ಗೆ ಹೇಳುವುದೇ ಹೆಚ್ಚು ಉಪಯೋಗಕ್ಕೆ ಬಂದೀತು.

ಮೊದಲು ದಿನನಿತ್ಯದ ಅಡುಗೆ. ನೀರುದೋಸೆಗೆ ಬೇಕಾದ ಭಾರದ ಕಬ್ಬಿಣದ ಕಾವಲಿ ದೊಡ್ಡ ಬರ್ನರ್‌ನ ಮೇಲೆ ಅಲುಗಾಡದೆ ಕೂರುತ್ತದೆ, ಅಂಚಿನವರೆಗೂ ಸಮನಾಗಿ ಕಾಯುತ್ತದೆ. ಈ ವಿಷಯದಲ್ಲಿ ದೂರು ಇಲ್ಲ. ತೊಂದರೆಯಾಗುವುದು ಅಗಲದ ಪಾತ್ರೆಗಳು ಜೊತೆಯಾದಾಗ. ಮೂಡೆ ಅಥವಾ ಕಡುಬು ಬೇಯಿಸುವ ಅಟ್ಟಿನಳಗೆಯನ್ನು ಒಂದು ಬರ್ನರ್‌ನಲ್ಲಿಟ್ಟರೆ ಪಕ್ಕದ ಬರ್ನರ್‌ನಲ್ಲಿ ಚಹಾದ ಪಾತ್ರೆಗಿಂತ ದೊಡ್ಡದನ್ನು ಇಡಲಾಗುವುದಿಲ್ಲ. ಅರುವತ್ತು ಸೆಂಟಿಮೀಟರ್ ಅಗಲದ ರೇಂಜ್‌ನಲ್ಲಿ ನಾಲ್ಕು ಬರ್ನರ್ ಇವೆ ಎಂಬುದು ನಿಜ. ಆದರೆ ಅಷ್ಟಮಿ, ಚೌತಿಯಂತಹ ದಿನಗಳಲ್ಲಿ ಕೆಲಸಕ್ಕೆ ಒದಗುವುದು ಎರಡೂವರೆ ಎಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಕೊಳ್ಳುವ ಮೊದಲು ಮನೆಯ ದೊಡ್ಡ ಪಾತ್ರೆಯ ಅಗಲವನ್ನು ಅಳೆದುಕೊಂಡು ಹೋಗಿ, ಬರ್ನರ್‌ಗಳ ನಡುವಿನ ಅಂತರದ ಜೊತೆ ಹೋಲಿಸಬೇಕು.

ನಮ್ಮ ಕಡೆಯ ಇನ್ನೊಂದು ಪರೀಕ್ಷೆ ಕುಚ್ಚಲಕ್ಕಿ. ಅದು ಬೇಯಲು ಬೆಳ್ತಿಗೆ ಅಕ್ಕಿಗಿಂತ ಬಹಳ ಹೆಚ್ಚು ಹೊತ್ತು ಬೇಕು, ಮುಚ್ಚಳ ಸರಿಸದಿದ್ದರೆ ಗಂಜಿತಿಳಿ ಉಕ್ಕುವುದು ಖಚಿತ. ಉಕ್ಕಿದ ತಿಳಿ ಬರ್ನರ್‌ನ ತೂತುಗಳಲ್ಲಿ ಒಣಗಿ ಗೋಂದಿನಂತೆ ಗಟ್ಟಿಯಾಗುತ್ತದೆ. ಬರ್ನರ್‌ನ ಮೇಲಿನ ಹಿತ್ತಾಳೆಯ ತಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ ಇಟ್ಟರೆ ಸಾಕು. ಹಿತ್ತಾಳೆಯ ತಟ್ಟೆಗಳು ಇಷ್ಟು ವರ್ಷಗಳಾದರೂ ಆಕಾರ ಕೆಟ್ಟಿಲ್ಲ. ಅವುಗಳ ಕೆಳಗಿರುವ ಅಲ್ಯೂಮಿನಿಯಂ ಮಿಶ್ರಲೋಹದ ಭಾಗ ಮಾತ್ರ ಉಪ್ಪು ಕೂತಲ್ಲೆಲ್ಲ ಬಿಳಿ ಪುಡಿ ಬಿಡುತ್ತದೆ.

ಇನ್ನು ಮೈಯ ಲೋಹದ ವಿಚಾರ. ಮಾರುವವರು ಸ್ಟೇನ್‌ಲೆಸ್ ಸ್ಟೀಲ್ ಎಂದಷ್ಟೇ ಹೇಳುತ್ತಾರೆ. 304 ದರ್ಜೆಯ ಉಕ್ಕಿನಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ ಮತ್ತು 8 ಶೇಕಡಾ ನಿಕಲ್ ಇರುತ್ತದೆ. ಅಗ್ಗದ 202 ದರ್ಜೆಯಲ್ಲಿ ನಿಕಲ್‌ನ ಬಹುಪಾಲಿನ ಬದಲು ಮ್ಯಾಂಗನೀಸ್ ಸೇರಿಸಿರುತ್ತಾರೆ. ಒಳನಾಡಿನ ಊರುಗಳಲ್ಲಿ ಈ ವ್ಯತ್ಯಾಸ ವರ್ಷಗಟ್ಟಲೆ ಕಾಣಿಸದೆ ಹೋಗಬಹುದು, ಆದರೆ ಕಡಲ ಬದಿಯಲ್ಲಿ 202ರ ಮೇಲೆ ಸಣ್ಣ ಕಂದು ಚುಕ್ಕೆಗಳು ಬೇಗನೆ ಏಳುತ್ತವೆ. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ ಎಂಬ ಸಲಹೆ ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಈ ಎರಡೂ ದರ್ಜೆಗಳು ಅಯಸ್ಕಾಂತಕ್ಕೆ ಹೆಚ್ಚುಕಡಿಮೆ ಅಂಟುವುದಿಲ್ಲ. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದೇ ಸರಿಯಾದ ದಾರಿ. ನಮ್ಮ ರೇಂಜ್‌ನ ಮೇಲ್ಭಾಗ ಇಂದಿಗೂ ಚೆನ್ನಾಗಿದೆ; ತುಕ್ಕು ಹಿಡಿದದ್ದು ಹಿಂಬದಿಯ ಬಣ್ಣ ಬಳಿದ ತಗಡು, ಕಾಲುಗಳು ಮತ್ತು ಎಲ್ಲಕ್ಕಿಂತ ಮೊದಲು ಸ್ಕ್ರೂಗಳು. ಇಷ್ಟು ಬೆಲೆಯ ವಸ್ತುವಿಗೆ ನಾಲ್ಕು ಕಾಸಿನ ಸ್ಕ್ರೂ ಹಾಕುವ ಬುದ್ಧಿ ಯಾರದೋ ತಿಳಿಯದು. ತುಕ್ಕು ಹಿಡಿದ ಸ್ಕ್ರೂನ ತಲೆ ಸವೆದ ಮೇಲೆ ಒಳಗಿನ ಜೆಟ್ (ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ತುಂಡು) ಮುಟ್ಟುವುದಕ್ಕೂ ಡ್ರಿಲ್ ತರಿಸಬೇಕಾಗುತ್ತದೆ. ವಾರಂಟಿ ಮುಗಿದ ಕೂಡಲೇ ನಾವು ಎಲ್ಲ ಸ್ಕ್ರೂಗಳನ್ನೂ ಸ್ಟೇನ್‌ಲೆಸ್‌ನವುಗಳಿಗೆ ಬದಲಿಸಿದೆವು, ಆಮೇಲೆ ಆ ತಾಪತ್ರಯ ಇಲ್ಲ.

ಉರಿಯ ಬಣ್ಣದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ರಿಪೇರಿಯವರನ್ನು ಕರೆಯುವ ಬಹಳಷ್ಟು ಸಂದರ್ಭಗಳು ಇಲ್ಲಿಂದಲೇ ಆರಂಭವಾಗುತ್ತವೆ. ಜೆಟ್‌ನಿಂದ ಹೊರಡುವ ಗ್ಯಾಸ್, ಬರ್ನರ್‌ನ ಕೊಳವೆಯೊಳಗೆ ಗಾಳಿಯನ್ನು ತಾನೇ ಎಳೆದುಕೊಂಡು ಬೆರೆತು ಮೇಲೆ ಬರುತ್ತದೆ. ಆ ಗಾಳಿ ಕಡಿಮೆಯಾದರೆ ಉರಿ ಹಳದಿಯಾಗಿ ಉದ್ದವಾಗುತ್ತದೆ, ಪಾತ್ರೆಯ ತಳ ಕಪ್ಪಾಗುತ್ತದೆ. ಗಾಳಿ ಕಡಿಮೆಯಾಗಲು ಕಾರಣ ತೂತುಗಳಲ್ಲಿ ಕಟ್ಟಿದ ಗಂಜಿತಿಳಿ ಇರಬಹುದು, ಕೊಳವೆಗೆ ಗಾಳಿ ಬಿಡುವ ಕಿಂಡಿಯ ಮುಚ್ಚಳದ, ಅಂದರೆ ಗಾಳಿಬಾಗಿಲಿನ, ಸ್ಕ್ರೂ ಸಡಿಲವಾಗಿ ಅದು ಮುಚ್ಚಿಕೊಂಡಿರಬಹುದು, ಅಥವಾ ಕೊಳವೆಯೊಳಗೆ ಸಣ್ಣ ಜೇಡವೊಂದು ಬಲೆ ಕಟ್ಟಿರಬಹುದು. ಕೆಲವು ವಾರ ಊರಿಗೆ ಹೋಗಿ ಬಂದ ಮೇಲೆ ಒಂದೇ ಬರ್ನರ್ ಹಳದಿಯಾಗಿ ಉರಿದರೆ, ಅಥವಾ ಹಚ್ಚಿದಾಗ ಟಪ್ಪೆಂದು ಸದ್ದಾಗಿ ಉರಿ ಕೆಳಗೆ ಜೆಟ್‌ನ ಬಳಿ ಹೊತ್ತಿಕೊಂಡರೆ, ಮೊದಲ ಅನುಮಾನ ಜೇಡದ ಮೇಲೇ ಇರಲಿ. ಒಲೆ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಬರ್ನರ್ ಎತ್ತಿ ಬಾಟಲಿ ತೊಳೆಯುವ ತೆಳ್ಳನೆಯ ಬ್ರಶ್ಶನ್ನು ಕೊಳವೆಯಲ್ಲಿ ಆಡಿಸಿದರೆ ಅಷ್ಟಕ್ಕೇ ಸರಿಯಾಗುತ್ತದೆ. ಜೆಟ್‌ನ ತೂತಿಗೆ ಸೂಜಿ ಚುಚ್ಚಬಾರದು. ಅದರ ಅಳತೆ ಮಿಲಿಮೀಟರ್‌ನ ನೂರನೇ ಭಾಗಗಳ ಲೆಕ್ಕದಲ್ಲಿ ಇರುವುದರಿಂದ ಒಮ್ಮೆ ಅಗಲವಾದರೆ ಗ್ಯಾಸ್ ಹೆಚ್ಚಾಗಿ ಹಳದಿ ಉರಿ ಕಾಯಂ ಆಗುತ್ತದೆ.

ಇದರ ನಡುವೆ ಕರಾವಳಿಯವರಿಗೇ ವಿಶೇಷವಾದ ಒಂದು ಗೊಂದಲವಿದೆ. ನೀಲಿ ಉರಿಯ ನಡುವೆ ಆಗಾಗ ಕಿತ್ತಳೆ ಬಣ್ಣದ ಕಿಡಿಗಳು ಕುಣಿಯುತ್ತವೆ, ಉಪ್ಪು ಹಾಕಿದ ನೀರು ಉಕ್ಕಿದಾಗ ಇಡೀ ಉರಿಯೇ ಕೆಲವು ಕ್ಷಣ ಕೇಸರಿಯಾಗುತ್ತದೆ. ಇದು ಉಪ್ಪಿನಲ್ಲಿರುವ ಸೋಡಿಯಂ ಉರಿಯಲ್ಲಿ ಕಾದಾಗ ಕಾಣುವ ಬಣ್ಣ, ಒಲೆಯ ದೋಷವಲ್ಲ. ಎರಡನ್ನೂ ಬೇರ್ಪಡಿಸಲು ಪಾತ್ರೆಯ ತಳ ನೋಡಿದರೆ ಸಾಕು: ಮಸಿ ಹಿಡಿದಿದ್ದರೆ ಗಾಳಿಯ ಕೊರತೆ, ಹಿಡಿಯದಿದ್ದರೆ ಉಪ್ಪು. ಇದನ್ನು ತಿಳಿಯದೆ ಗಾಳಿಬಾಗಿಲನ್ನು ಪೂರ್ತಿ ತೆರೆದುಬಿಟ್ಟರೆ ಉರಿ ಬರ್ನರ್‌ನಿಂದ ಮೇಲಕ್ಕೆದ್ದು ಸುಂಯ್‌ಗುಡುತ್ತಾ ಆಗಾಗ ಆರಿಹೋಗುತ್ತದೆ.

ನಾಬ್ ಬಿಗಿಯಾಗುವುದು ಎರಡು ಮೂರು ವರ್ಷಕ್ಕೊಮ್ಮೆ ಬಂದೇ ಬರುವ ತೊಂದರೆ. ಕಾಕ್‌ನ ಒಳಗಿನ ಹಿತ್ತಾಳೆಯ ಬೆಣೆಗೆ ಹಚ್ಚಿದ ಗ್ರೀಸ್ ಕಾವಿಗೆ ಒಣಗಿದಾಗ ಹೀಗಾಗುತ್ತದೆ. ನಮ್ಮಲ್ಲಿಗೆ ಬರುವ ಹಿರಿಯ ರಿಪೇರಿಯವರು ಹೇಳಿದ್ದು ಇಷ್ಟು: "ಅಮ್ಮಾ, ಇದಕ್ಕೆ ತೆಂಗಿನೆಣ್ಣೆ ಬಿಟ್ಟರೆ ಒಂದು ತಿಂಗಳು ಚೆಂದ ತಿರುಗ್ತದೆ, ಆಮೇಲೆ ಮೊದಲಿಗಿಂತ ಗಟ್ಟಿ." ಗ್ಯಾಸ್ ಕಾಕ್‌ಗೆಂದೇ ಇರುವ, ಕಾವು ತಡೆಯುವ ಗ್ರೀಸನ್ನು ತೆಳ್ಳಗೆ ಹಚ್ಚಬೇಕು, ಹೆಚ್ಚಾದರೆ ಅದೇ ಗ್ಯಾಸ್ ಹೋಗುವ ದಾರಿಯನ್ನು ಮುಚ್ಚುತ್ತದೆ. ಕೆಲಸ ಮುಗಿದ ಮೇಲೆ ಸಾಬೂನು ನೀರಿನಿಂದ ಸೋರಿಕೆ ಪರೀಕ್ಷಿಸುವುದನ್ನು ನೋಡಿದ ನಂತರವೇ ಹಣ ಕೊಡಬೇಕು. ಈ ಕೆಲಸವನ್ನು ಮನೆಯಲ್ಲಿ ನಾವೇ ಮಾಡಿಕೊಳ್ಳಲು ಹೋಗಬಾರದು ಎಂಬುದು ನನ್ನ ಅಭಿಪ್ರಾಯ.

ಆಟೋ ಇಗ್ನಿಷನ್ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಆಟಿ ತಿಂಗಳ ತೇವದಲ್ಲಿ ಟಿಕ್ ಟಿಕ್ ಸದ್ದು ಮಾತ್ರ ಕೇಳಿಸುತ್ತದೆ, ಕಿಡಿ ಬರ್ನರ್‌ಗೆ ಹಾರುವ ಬದಲು ಕಿಡಿಕಡ್ಡಿಯ ಸುತ್ತಲಿನ ಒದ್ದೆಯಾದ ಪಿಂಗಾಣಿಯ ಮೇಲಿಂದ ಮೈತಗಡಿಗೆ ಇಳಿದುಹೋಗುತ್ತದೆ. ಒಣಗಿಸಿದರೆ ಸರಿಹೋಗುತ್ತದೆ, ಮತ್ತೆ ಮಳೆ ಹಿಡಿದರೆ ಅದೇ ಕಥೆ. ಎರಡನೆಯ ಮಳೆಗಾಲದ ನಂತರ ನಾವು ಲೈಟರ್‌ಗೇ ಮರಳಿದೆವು.

ಓವನ್‌ಗೆ ಬಂದರೆ ನನ್ನ ಮೆಚ್ಚುಗೆಯೂ ಆಕ್ಷೇಪವೂ ಎರಡೂ ಹೆಚ್ಚಾಗುತ್ತವೆ. ಗ್ಯಾಸ್ ಓವನ್‌ನಲ್ಲಿ ಉರಿ ತಳದ ತಗಡಿನ ಕೆಳಗಿರುತ್ತದೆ, ಆದ್ದರಿಂದ ಕಾವು ಕೆಳಗಿನಿಂದಲೇ ಬರುತ್ತದೆ. ಕೇಕಿನ ತಳ ಕಂದಾಗುವ ಹೊತ್ತಿಗೆ ಮೇಲ್ಭಾಗ ಇನ್ನೂ ಬಿಳಿಚಿಕೊಂಡಿರುತ್ತದೆ. ಕೆಳಗಿನ ಅಟ್ಟಣೆಯಲ್ಲಿ ಒಂದು ಖಾಲಿ ಟ್ರೇ ಇಟ್ಟು, ಕೇಕನ್ನು ನಡುವಿನದಕ್ಕಿಂತ ಒಂದು ಅಟ್ಟಣೆ ಮೇಲೆ ಇಟ್ಟ ಮೇಲೆ ಈ ತೊಂದರೆ ಬಹಳಷ್ಟು ಕಡಿಮೆಯಾಯಿತು. ನಾಬ್‌ನಲ್ಲಿ 180 ಎಂದು ತೋರಿಸುವಾಗ ಒಳಗೆ ಇಟ್ಟ ಓವನ್ ಥರ್ಮಾಮೀಟರ್ 200ರ ಆಸುಪಾಸಿನಲ್ಲಿರುತ್ತದೆ; ಥರ್ಮೋಸ್ಟಾಟ್‌ನ ತಾಮ್ರದ ಕಡ್ಡಿ ಕ್ಲಿಪ್‌ನಿಂದ ಜಾರಿ ಗೋಡೆಗೆ ತಾಗಿದ್ದರೆ ಈ ವ್ಯತ್ಯಾಸ ಇನ್ನೂ ಹೆಚ್ಚು. ಥರ್ಮಾಮೀಟರ್ ಕೊಳ್ಳದೆ ಗ್ಯಾಸ್ ಓವನ್ ಬಳಸುವುದರಲ್ಲಿ ಅರ್ಥವಿಲ್ಲ.

ಓವನ್ ಬರ್ನರ್ ಎರಡೂವರೆ ಕಿಲೋವಾಟ್‌ನದಾದರೆ ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು 200 ಗ್ರಾಂ ಗ್ಯಾಸ್ ಬೇಕು. 14.2 ಕಿಲೋದ ಸಿಲಿಂಡರ್‌ಗೆ ಇದು ದೊಡ್ಡ ಹೊರೆಯಲ್ಲ, ಒಮ್ಮೆ ಕಾದ ಮೇಲೆ ಉರಿ ತಾನೇ ತಗ್ಗುತ್ತದೆ. ಯಾರೂ ಹೇಳದ ಇನ್ನೊಂದು ಲೆಕ್ಕ ತೇವದ್ದು. ಒಂದು ಕಿಲೋ ಎಲ್‌ಪಿಜಿ ಉರಿದಾಗ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಅಂದರೆ ಒಂದು ಗಂಟೆಯ ಬೇಕಿಂಗ್ ಎಂದರೆ ಮುನ್ನೂರು ಮಿಲಿಲೀಟರ್‌ನಷ್ಟು ನೀರನ್ನು ಅಡುಗೆಮನೆಯ ಗಾಳಿಗೆ ಬಿಟ್ಟಂತೆ. ಬ್ರೆಡ್‌ಗೆ ಈ ತೇವ ಒಳ್ಳೆಯದೇ, ಕ್ರಿಸ್‌ಮಸ್‌ನ ಕೇಕೂ ಒಣಗುವುದಿಲ್ಲ. ಆದರೆ ಬಿಸ್ಕತ್ತು ಗರಿಗರಿಯಾಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಮಳೆಗೆಂದು ಕಿಟಕಿ ಮುಚ್ಚಿದ್ದರೆ ಆ ನೀರೆಲ್ಲ ತಣ್ಣನೆಯ ಗೋಡೆಯ ಮೇಲೂ ರೇಂಜ್‌ನ ಹಿಂಬದಿಯ ತಗಡಿನ ಮೇಲೂ ಇಳಿಯುತ್ತದೆ. ನಮ್ಮ ರೇಂಜ್‌ನ ಹಿಂಬದಿ ತುಕ್ಕು ಹಿಡಿದದ್ದಕ್ಕೆ ಕಡಲಿನಷ್ಟೇ ಇದೂ ಕಾರಣ ಎಂದು ನನ್ನ ಅನುಮಾನ. ಓವನ್ ಉರಿಯುವಾಗ ಒಂದು ಕಿಟಕಿ ತೆರೆದಿರಲೇಬೇಕು. ತುಕ್ಕು ಹಾಗಿರಲಿ, ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್‌ನ ಅಪಾಯವೂ ಇದೆ.

ಓವನ್‌ನ ಉರಿ ಕಣ್ಣಿಗೆ ಕಾಣದಿರುವುದರಿಂದ ಅದರಲ್ಲಿ ಫ್ಲೇಮ್ ಫೇಲ್ಯೂರ್ ಸಾಧನ ಇರಲೇಬೇಕು. ಉರಿಯೊಳಗೆ ಚಾಚಿಕೊಂಡಿರುವ ಥರ್ಮೋಕಪಲ್ ಕಾದಾಗ ಕೆಲವು ಮಿಲಿವೋಲ್ಟ್ ವಿದ್ಯುತ್ ಹುಟ್ಟಿ ಗ್ಯಾಸಿನ ದಾರಿಯನ್ನು ತೆರೆದಿಡುತ್ತದೆ. ಉರಿ ಆರಿದರೆ ಅದು ತಣಿದು ದಾರಿ ತಾನಾಗಿ ಮುಚ್ಚುತ್ತದೆ. ಹಚ್ಚಿದ ನಂತರ ನಾಬನ್ನು ಹತ್ತು ಸೆಕೆಂಡ್‌ನಷ್ಟು ಒತ್ತಿ ಹಿಡಿಯಬೇಕಾಗುವುದು ಇದಕ್ಕಾಗಿಯೇ. ನಮ್ಮಲ್ಲಿ ಒಂದು ಹಂತದಲ್ಲಿ ಎಷ್ಟು ಹೊತ್ತು ಹಿಡಿದರೂ ಕೈ ಬಿಟ್ಟ ಕೂಡಲೇ ಉರಿ ಆರತೊಡಗಿತು. ಸರ್ವೀಸ್ ಕೇಂದ್ರದವರು ಇಡೀ ಥರ್ಮೋಸ್ಟಾಟ್ ಬದಲಿಸಬೇಕೆಂದು ದೊಡ್ಡ ಮೊತ್ತ ಹೇಳಿ, ಭಾಗ ಬೆಂಗಳೂರಿನಿಂದ ಬರಬೇಕೆಂದು ಸುಮ್ಮನಾದರು. ಹಿರಿಯ ರಿಪೇರಿಯವರು ಥರ್ಮೋಕಪಲ್‌ನ ತುದಿಯ ಮಸಿಯನ್ನು ಸಣ್ಣ ಎಮರಿ ಕಾಗದದಿಂದ ಉಜ್ಜಿ, ಹಸಿರುಗಟ್ಟಿದ್ದ ಹಿಂಬದಿಯ ಜೋಡಣೆಯನ್ನು ಒರೆಸಿ ಬಿಗಿದರು; ಇವತ್ತಿನವರೆಗೂ ಅದೇ ಥರ್ಮೋಸ್ಟಾಟ್ ನಡೆಯುತ್ತಿದೆ.

ರೇಂಜ್‌ನ ಗ್ಯಾಸ್ ಸಂಪರ್ಕ ಸಾಮಾನ್ಯವಾಗಿ ಹಿಂಬದಿಯಲ್ಲಿ, ಕಾಯುವ ಓವನ್ ಗೋಡೆಯ ಪಕ್ಕದಲ್ಲೇ ಇರುತ್ತದೆ. ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ಆ ಗೋಡೆಗೆ ತಾಗದಂತೆ ಒಂದು ಬದಿಯಿಂದ ಹಾಯಿಸಬೇಕು. ಪೈಪ್‌ನ ಒಳಗೆ ಉಕ್ಕಿನ ತಂತಿ ಇರುವುದರಿಂದ ಇಲಿಯ ಹಲ್ಲಿಗೆ ಸುಲಭವಾಗಿ ಬಗ್ಗುವುದಿಲ್ಲ, ಆದರೂ ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಇಲಿಗಳಿಗೆ ನಿಜವಾಗಿ ಇಷ್ಟವಾಗುವುದು ಓವನ್ ಸುತ್ತಲಿನ ಗಾಜಿನ ಉಣ್ಣೆ. ಹಿಂಬದಿಯ ತಗಡಿನಲ್ಲಿ ಬೆರಳು ಹೋಗುವಷ್ಟು ಸಂದಿಯಿದ್ದರೂ ಕಬ್ಬಿಣದ ಬಲೆ ಹಾಕಿಸುವುದು ಒಳ್ಳೆಯದು. ಸಿಲಿಂಡರ್ ಇಳಿಸಿಕೊಳ್ಳುವಾಗ ಹಿಡಿಕೆಯ ಪಟ್ಟಿಯಲ್ಲಿರುವ ಪರೀಕ್ಷೆಯ ಅವಧಿಯನ್ನು ನೋಡಬೇಕು: ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್, ಪಕ್ಕದ ಅಂಕೆ ವರ್ಷ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಅದು ನೆಲದಲ್ಲೇ, ರೇಂಜ್‌ನ ಕೆಳಗೇ ನಿಲ್ಲುತ್ತದೆ.

ಈಗ ಉಳಿದಿರುವ ಪ್ರಶ್ನೆ ಪೈಪ್ ಗ್ಯಾಸಿನದು. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಉದ್ದದ ಅನಿಲ ಕೊಳವೆಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾದ ಮೇಲೆ ದಕ್ಷಿಣ ಕನ್ನಡದ ಮನೆಗಳಿಗೆ ಸಂಪರ್ಕ ಕೊಡುವ ಕೆಲಸ ನಡೆದಿದೆ. ಮನೆಯ ಎಲ್‌ಪಿಜಿ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಗ್ಯಾಸ್ ಕೊಟ್ಟರೆ, ಪೈಪ್ ಗ್ಯಾಸ್ ಬರುವುದು ಸುಮಾರು 21 ಮಿಲಿಬಾರ್‌ನಲ್ಲಿ. ಜೊತೆಗೆ ಅಷ್ಟೇ ಗಾತ್ರದ ಅನಿಲದಲ್ಲಿರುವ ಕಾವು ಎಲ್‌ಪಿಜಿಯ ಅರ್ಧಕ್ಕಿಂತಲೂ ಕಡಿಮೆ. ಆದ್ದರಿಂದ ಜೆಟ್‌ಗಳು ದೊಡ್ಡದಾಗಲೇಬೇಕು. ಮೇಲಿನ ನಾಲ್ಕು ಬರ್ನರ್‌ಗಳಿಗೆ ಇದು ಸರಳ ಕೆಲಸ. ಓವನ್‌ನಲ್ಲಿ ಹಾಗಲ್ಲ: ಮುಖ್ಯ ಜೆಟ್ ಬದಲಿಸಿ, ಥರ್ಮೋಸ್ಟಾಟ್ ತಗ್ಗಿಸಿದಾಗ ಉಳಿಯುವ ಸಣ್ಣ ಉರಿಯ ಬೈಪಾಸ್ ಸ್ಕ್ರೂವನ್ನು ಮರೆತುಬಿಟ್ಟರೆ, ಓವನ್ ಕಾದು ಉರಿ ತಗ್ಗಿದ ಕೂಡಲೇ ಆರಿಹೋಗುತ್ತದೆ. ಸಂಪರ್ಕಕ್ಕೆ ಒಪ್ಪುವ ಮೊದಲು ಓವನ್‌ನ ಈ ಎರಡೂ ಭಾಗಗಳನ್ನು ಬದಲಿಸಿ, ಅರ್ಧ ಗಂಟೆ ಸಣ್ಣ ಉರಿಯಲ್ಲಿ ಉರಿಸಿ ತೋರಿಸಬೇಕೆಂದು ಲಿಖಿತವಾಗಿ ಕೇಳಿದ್ದೇನೆ; ಅಲ್ಲಿಯವರೆಗೆ ಸಿಲಿಂಡರ್ ಮುಂದುವರಿಯುತ್ತದೆ.